ಎರಡು ಹಗೇವು



ಜನ ಹೆಚ್ಚುತ್ತಿದ್ದಾರೆ, ನೆಲ ಹೆಚ್ಚುವುದಿಲ್ಲ, ಮುಂದೇನು? ಈ ಪ್ರಶ್ನೆಯ ಮೇಲೆ ಮಾತನಾಡಿ ಎಂದು ಸಂಘಟಕರು ಕೇಳಿದರು. ಲಂಡನ್ನಿನಲ್ಲಿ, ರೋಮಿನಲ್ಲಿ, ದಿಲ್ಲಿಯಲ್ಲಿ ಈ ಪ್ರಶ್ನೆಯ ಮೇಲೆ ದೊಡ್ಡ ದೊಡ್ಡ ಪುಸ್ತಕಗಳು ಬಂದಿವೆ. ಅವುಗಳ ಮಾತನ್ನೂ ಆಡುತ್ತೇನೆ. ಆದರೆ ಹಸಿವು, ಕಾಳು, ಅಧಿಕಾರ ಈ ಮೂರಕ್ಕೂ ಇರುವ ಸಂಬಂಧವನ್ನು ಐನೂರು ವರ್ಷದಿಂದ ಕತೆ ಮಾಡಿ ಹೇಳಿಕೊಂಡು ಬಂದಿರುವ ಮಂಗಳವೇಢೆಯಲ್ಲಿ ನಿಂತು, ಆ ಕತೆಯನ್ನು ಬಿಟ್ಟು ಪುಸ್ತಕದಿಂದ ಸುರುಮಾಡುವುದು ಸರಿಯಲ್ಲ. ದಾಮಾಜಿ ಪಂತರಿಂದಲೇ ಸುರುಮಾಡುತ್ತೇನೆ.

ಹದಿನೈದನೆಯ ಶತಮಾನದ ಮಾತು. ಬಹಮನಿ ಸುಲ್ತಾನರ ಪರವಾಗಿ ಮಂಗಳವೇಢೆಯ ಕಾರಭಾರ ನೋಡುತ್ತಿದ್ದವರು ದಾಮಾಜಿ. ಮಳೆ ಹೋಯಿತು. ಜನರು ಪಟ್ಟಣಕ್ಕೆ ಬಂದು ಬಿದ್ದರು. ಸರಕಾರದ ಕೊಠಾರದಲ್ಲಿ ಜೋಳ ತುಂಬಿತ್ತು. ರಾಜಧಾನಿ ಬೀದರಿನ ಅಪ್ಪಣೆಗೆ ಕಾಯದೆ ದಾಮಾಜಿ ಬಾಗಿಲು ತೆಗೆದರು. ಮುಂದೆ ವಿಠ್ಠಲನೇ ವಿಠೂ ಮಹಾರನ ವೇಷದಲ್ಲಿ ಬೀದರಿಗೆ ಹೋಗಿ ಕಾಳಿನ ಹಣ ಕಟ್ಟಿ ಪಾವತಿ ತಂದನೆಂಬುದು ನೀವು ನನಗಿಂತ ಚೆನ್ನಾಗಿ ಬಲ್ಲ ಭಾಗ. ಕೀರ್ತನಕಾರರು ಆ ಭಾಗದಲ್ಲಿ ನಿಲ್ಲುತ್ತಾರೆ. ನಾನು ಅದಕ್ಕೂ ಮುಂಚಿನ ಒಂದು ಮಾತಿನಲ್ಲಿ ನಿಲ್ಲುತ್ತೇನೆ: ಜನ ಸಾಯುತ್ತಿದ್ದ ಊರಿನಲ್ಲೇ ಕಾಳು ಇತ್ತು. ಹಸಿದವರಿಗೂ ಕಾಳಿಗೂ ನಡುವೆ ಇದ್ದದ್ದು ಒಂದು ಬೀಗ.

ಭಂಡಾರದ ಬೀಗದ ವಿಚಾರ ಈ ಊರಿಗೆ ಅದಕ್ಕಿಂತಲೂ ಹಳೆಯದು. ಕಲಚುರಿ ಬಿಜ್ಜಳನ ರಾಜಧಾನಿ ಕಲ್ಯಾಣಕ್ಕೆ ಹೋಗುವ ಮೊದಲು ಇಲ್ಲೇ ಇತ್ತು. ಬಸವಣ್ಣನವರು ಕರಣಿಕರಾಗಿ ಲೆಕ್ಕ ಬರೆಯಲು ಸುರುಮಾಡಿದ್ದು ಇಲ್ಲಿಯ ಭಂಡಾರದಲ್ಲಿ ಎಂದು ಪರಂಪರೆ ಹೇಳುತ್ತದೆ. ದುಡಿಮೆಯನ್ನು ಕಾಯಕವೆಂದೂ ಹಂಚಿ ಉಣ್ಣುವುದನ್ನು ದಾಸೋಹವೆಂದೂ ಕರೆದವರು ರಾಜ್ಯದ ಲೆಕ್ಕದ ಪುಸ್ತಕವನ್ನು ಕೈಯಾರೆ ತಿರುವಿದವರು. ಅದೇ ಕಾಲಕ್ಕೆ ಇಲ್ಲಿಂದ ಒಂದೆರಡು ದಿನದ ದಾರಿಯ ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದರು. ಇವತ್ತಿಗೂ ಸೊಲ್ಲಾಪುರದ ನಡುವೆ ಅದರ ನೀರು ನಿಂತಿದೆ. ಕೆರೆ ಮತ್ತು ಕೊಠಾರ: ಈ ಎರಡನ್ನೂ ಮನಸ್ಸಿನಲ್ಲಿಡಿ, ಕಡೆಯಲ್ಲಿ ಬೇಕಾಗುತ್ತವೆ.

ಈಗ ಪುಸ್ತಕಕ್ಕೆ ಬರುತ್ತೇನೆ. 1798ರಲ್ಲಿ ಇಂಗ್ಲೆಂಡಿನ ಪಾದ್ರಿ ಥಾಮಸ್ ರಾಬರ್ಟ್ ಮಾಲ್ತಸ್ ಜನಸಂಖ್ಯೆಯ ಮೇಲೆ ಒಂದು ಪ್ರಬಂಧ ಬರೆದರು. ಜನ ಎರಡು, ನಾಲ್ಕು, ಎಂಟು ಎಂದು ಬೆಳೆಯುತ್ತಾರೆ, ಅನ್ನ ಒಂದು, ಎರಡು, ಮೂರು ಎಂದು ಬೆಳೆಯುತ್ತದೆ, ಕಡೆಗೆ ಬರವೂ ರೋಗವೂ ಬಂದು ಲೆಕ್ಕ ಸರಿಮಾಡುತ್ತವೆ ಎಂಬುದು ಅದರ ಸಾರ. ಇದು ಅವರ ಊರಿನ ವಾದವಾಗಿ ಉಳಿದಿದ್ದರೆ ನಮಗೇನೂ ಆಗುತ್ತಿರಲಿಲ್ಲ. ಆದರೆ 1805ರಿಂದ 1834ರಲ್ಲಿ ಸಾಯುವವರೆಗೂ ಮಾಲ್ತಸ್ ಅರ್ಥಶಾಸ್ತ್ರ ಕಲಿಸಿದ್ದು ಹೇಲಿಬರಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ. ನಮ್ಮನ್ನು ಆಳಲು ಬರುವ ಹುಡುಗರನ್ನು ತಯಾರು ಮಾಡುತ್ತಿದ್ದ ಕಾಲೇಜು ಅದು.

ಮಾಲ್ತಸರ ನಂತರ ಅದೇ ಕಾಲೇಜಿನಲ್ಲಿ ಕಲಿತು 1846ರಲ್ಲಿ ನೌಕರಿಗೆ ಸೇರಿದವರು ರಿಚರ್ಡ್ ಟೆಂಪಲ್. 1873–74ರಲ್ಲಿ ಬಿಹಾರಕ್ಕೆ ಬರ ಬಿದ್ದಾಗ ಅವರು ಬರ್ಮಾದಿಂದ ಅಕ್ಕಿ ತರಿಸಿ ಹಂಚಿದರು. ಹಸಿವಿನಿಂದ ಸತ್ತವರು ಬೆರಳೆಣಿಕೆಯಷ್ಟು. ಬ್ರಿಟಿಷ್ ಆಡಳಿತದ ಕಾಲದಲ್ಲಿ ಇಂಥ ಸಾಧನೆ ಅಪರೂಪ. ಅದಕ್ಕೆ ಅವರಿಗೆ ಸಿಕ್ಕಿದ್ದು ಬೈಗಳು: ದುಡ್ಡು ದಂಡ ಮಾಡಿದಿರಿ ಎಂದು. ಮೂರು ವರ್ಷದ ಮೇಲೆ, 1876–78ರ ಮಹಾ ಬರದಲ್ಲಿ, ವೈಸರಾಯ್ ಲಿಟ್ಟನ್ ಅದೇ ಟೆಂಪಲ್ಲರನ್ನು ದಕ್ಷಿಣಕ್ಕೆ ಕಳಿಸಿದರು. ಬೈಗಳ ಪಾಠ ಕಲಿತಿದ್ದ ಟೆಂಪಲ್, ಕಲ್ಲು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡು ಕಾಳು, ಮೇಲೆ ಒಂದಾಣೆ ಸಾಕು ಎಂದು ಠರಾಯಿಸಿದರು. ನಮ್ಮ ಅಳತೆಯಲ್ಲಿ ಅರ್ಧ ಕಿಲೋಗೂ ಕಡಿಮೆ. ಮುಂಬಯಿ ಇಲಾಖೆಯ ಜನರು ಕೂಲಿ ಕಡಿತಕ್ಕೆ ಸಿಟ್ಟಾಗಿ ಸಾವಿರ ಸಾವಿರ ಸಂಖ್ಯೆಯಲ್ಲಿ ಕೆಲಸ ಬಿಟ್ಟು ಎದ್ದು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಬರೆಯಿತು. ಬರಗಾಲದ ಕೂಲಿಗಳ ಮುಷ್ಕರ! ಹಸಿದವರು ಸುಮ್ಮನೆ ಸಾಯುತ್ತಾರೆ ಎಂದು ತಿಳಿದವರು ಈ ಪುಟವನ್ನು ಓದಬೇಕು.

ಅದೇ ವರ್ಷಗಳಲ್ಲಿ ಹಿಂದುಸ್ತಾನದ ಬಂದರುಗಳಿಂದ ಗೋಧಿ ಹಡಗೇರಿ ಹೋಗುತ್ತಲೇ ಇತ್ತು. ಹೊಸ ರೈಲು ಕಾಳು ತರುವುದಕ್ಕೂ ಆಗುತ್ತದೆ, ಒಯ್ಯುವುದಕ್ಕೂ ಆಗುತ್ತದೆ. ಬೆಲೆ ಎಲ್ಲಿದೆಯೋ ಅಲ್ಲಿಗೆ ಒಯ್ದಿತು. 1872ರ ಜನಗಣತಿಗೂ 1881ರದಕ್ಕೂ ನಡುವೆ ಸೊಲ್ಲಾಪುರ ಜಿಲ್ಲೆಯ ಜನಸಂಖ್ಯೆ ಇಳಿದುಹೋಯಿತು; 1881ರಲ್ಲಿ ಅದು ಆರು ಲಕ್ಷಕ್ಕೂ ಕೆಳಗೆ. ಭೀಮೆಯ ದಕ್ಷಿಣದ ಕಲಾದಗಿ ಜಿಲ್ಲೆ, ಅಂದರೆ ಇವತ್ತಿನ ವಿಜಯಪುರ–ಬಾಗಲಕೋಟೆಯ ಭಾಗ, ಅಲ್ಲೂ ಹಾಗೇ. ಲೆಕ್ಕ ಸರಿಹೋಯಿತು ಎಂದು ಮಾಲ್ತಸರ ಶಿಷ್ಯ ಪರಂಪರೆ ಅಂದುಕೊಂಡಿರಬಹುದು. ನಾನು ಹಾಗೆ ಅನ್ನಲಾರೆ. ಜನ ಹೆಚ್ಚಾಗಿದ್ದಕ್ಕೆ ಬರ ಬಂದದ್ದಲ್ಲ. ಬಾಗಿಲು ತೆಗೆಯಬಲ್ಲವರು ತೆಗೆಯಲಿಲ್ಲ. ದಾಮಾಜಿಯ ಎದುರು ಟೆಂಪಲ್ಲರನ್ನು ನಿಲ್ಲಿಸಿ ನೋಡಿ: ಇಬ್ಬರೂ ಸರಕಾರಿ ನೌಕರರೇ, ಇಬ್ಬರ ಕೈಯಲ್ಲೂ ಬೀಗದ ಕೈ ಇತ್ತು.

ನೂರು ವರ್ಷ ಮುಂದೆ ಬರೋಣ. 1972. ಆ ವರ್ಷ ಹೊರದೇಶದಲ್ಲಿ ಒಂದು ಪುಸ್ತಕ ಬಂತು. ರೋಮ್ ಕ್ಲಬ್ಬಿಗಾಗಿ ಬರೆದದ್ದು, ಬೆಳವಣಿಗೆಯ ಮಿತಿಗಳ ಬಗ್ಗೆ. ಭೂಮಿಯ ಅದಿರು, ಎಣ್ಣೆ, ನೆಲ ಎಲ್ಲಕ್ಕೂ ಒಂದು ಕೊನೆಯಿದೆ, ಹೀಗೇ ನಡೆದರೆ ನೂರು ವರ್ಷದೊಳಗೆ ಕುಸಿಯುತ್ತೇವೆ ಎಂದು ಅದು ಗಣಕಯಂತ್ರದ ಲೆಕ್ಕ ತೋರಿಸಿತು. ಅದಕ್ಕೂ ನಾಲ್ಕು ವರ್ಷ ಮುಂಚೆ ಪಾಲ್ ಎರ್ಲಿಕ್ ಎಂಬ ಅಮೆರಿಕದ ಜೀವವಿಜ್ಞಾನಿ ಜನಸಂಖ್ಯೆಯನ್ನು ಬಾಂಬಿಗೆ ಹೋಲಿಸಿ ಪುಸ್ತಕ ಬರೆದಿದ್ದರು. ದಿಲ್ಲಿಯ ಬೀದಿಯ ಗದ್ದಲವನ್ನು ಟ್ಯಾಕ್ಸಿಯೊಳಗಿಂದ ಕಂಡು ಹೆದರಿದ್ದೇ ಅದರ ಆರಂಭ. ಎಪ್ಪತ್ತರ ದಶಕದಲ್ಲಿ ಕೋಟಿ ಕೋಟಿ ಜನ ಹಸಿವಿನಿಂದ ಸಾಯುತ್ತಾರೆ ಎಂದು ಅವರು ಬರೆದರು.

ಅದೇ 1972ರಲ್ಲಿ ನಮ್ಮಲ್ಲಿ ಮಳೆ ಕೈಕೊಟ್ಟಿತು. ಅದು ಸತತ ಕೊರತೆಯ ಮೂರನೆಯ ವರ್ಷ. ನಾನು ಮೂರನೆಯ ಇಯತ್ತೆಯ ಹುಡುಗ. ನಮ್ಮವ್ವ ಬರದ ಕಾಮಗಾರಿಗೆ ಖಡಿ ಒಡೆಯಲು ಹೋಗುತ್ತಿದ್ದಳು. ಸಂಜೆ ಅಲ್ಲಿ ತಿನ್ನಲು ಕೊಟ್ಟ ಸುಕಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ನಾವು ಮೂವರು ಮಕ್ಕಳು ಊರ ಹೊರಗಿನ ಬೇವಿನ ಮರದವರೆಗೆ ಓಡಿಹೋಗಿ ಕಾಯುತ್ತಿದ್ದೆವು. ಮಂಗಳವೇಢೆಯ ಮುತ್ತಿನಂಥ ಬಿಳಿಜೋಳ ತಿಂದ ನಾಲಗೆಗೆ ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ಇಳಿಯುತ್ತಿರಲಿಲ್ಲ. ಆದರೂ ಇಳಿಸಿದೆವು, ಬದುಕಿದೆವು. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಬರಗಾಲದ ಕಾಮಗಾರಿಗಳ ಮೇಲೆ ಇದ್ದವರು ಸುಮಾರು 50 ಲಕ್ಷ ಜನ. ಬೆಳೆ ಪೂರ್ತಿ ಹೋದರೂ 1877ರ ಹಾಗೆ ಹೆಣ ಬೀಳಲಿಲ್ಲ. ಕೆಲಸ ಕೇಳಿದವರಿಗೆ ಕೆಲಸ ಕೊಡಲೇಬೇಕು ಎಂಬ ವಿ. ಸ. ಪಾಗೆಯವರ ವಿಚಾರ ಆ ಬರದಲ್ಲಿ ಬೇರೂರಿ, 1977ರಲ್ಲಿ ರೋಜಗಾರ ಹಮೀ ಕಾಯ್ದೆಯಾಯಿತು. ಇಡೀ ದೇಶದ ಉದ್ಯೋಗ ಖಾತರಿಗೆ ಅದೇ ತಾಯಿಬೇರು. ಕಾಳು ಇರುವುದಷ್ಟೇ ಸಾಲದು, ಕೊಳ್ಳುವ ಶಕ್ತಿ ಮನೆಯಲ್ಲಿರಬೇಕು ಎಂದು ಅಮರ್ತ್ಯ ಸೇನರು 1981ರಲ್ಲಿ ಪುಸ್ತಕ ಬರೆದರು. ನಮ್ಮವ್ವನಿಗೆ ಅದು ಎಂಟು ವರ್ಷ ಮೊದಲೇ ಗೊತ್ತಿತ್ತು.

ಅಂಕಿಗಳನ್ನು ಬಚ್ಚಿಡಬಾರದು. 1901ರಲ್ಲಿ ಸೊಲ್ಲಾಪುರ ಜಿಲ್ಲೆಯಲ್ಲಿದ್ದವರು 7,20,977 ಜನ. ಆಗ ಮಂಗಳವೇಢೆ ಸಾಂಗಲಿ ಸಂಸ್ಥಾನದಲ್ಲಿತ್ತು, ಅಕ್ಕಲಕೋಟೆ ತಾನೇ ಒಂದು ಸಂಸ್ಥಾನ, ಅಲ್ಲಿ 82,047 ಜನ. ಅವೆಲ್ಲ ಸೇರಿದ ಇವತ್ತಿನ ಜಿಲ್ಲೆಯಲ್ಲಿ 2011ಕ್ಕೆ 43,17,756. ಸೊಲ್ಲಾಪುರ ಪಟ್ಟಣವೊಂದೇ 75,288ರಿಂದ ಒಂಬತ್ತೂವರೆ ಲಕ್ಷಕ್ಕೂ ಮೇಲೆ ಬೆಳೆಯಿತು. ಅದರಲ್ಲಿ ಹಳೇ ಗಿರಣಿಯ ಭೋಂಗಾ ಕೇಳಿ ಬಂದವರ, ಬರಕ್ಕೆ ಅಂಜಿ ಬಂದವರ, ತೆಲಂಗಾಣದಿಂದ ಮಗ್ಗ ಹೊತ್ತು ಬಂದ ಪದ್ಮಶಾಲಿಗಳ ಮೊಮ್ಮಕ್ಕಳು ಇದ್ದಾರೆ. ಲೋಕದ ಜನ 2022ರ ನವೆಂಬರ್ 15ಕ್ಕೆ 800 ಕೋಟಿ ಮುಟ್ಟಿದರೆಂದು ವಿಶ್ವಸಂಸ್ಥೆ ಸಾರಿತು. ಮುತ್ತಜ್ಜನ ಇಪ್ಪತ್ತು ಎಕರೆ ಅಣ್ಣತಮ್ಮಂದಿರಲ್ಲಿ ಹರಿದು ಹಂಚಿ, ಈಗ ಮೊಮ್ಮಗನ ಸಾತ್‌ಬಾರಾ ಉತಾರದಲ್ಲಿ ಎರಡು ಎಕರೆ ಉಳಿದಿದೆ. ಜನ ಹೆಚ್ಚಿದರೆ ಏನೂ ಆಗುವುದಿಲ್ಲ ಎನ್ನುವವರ ಜೊತೆ ನಾನಿಲ್ಲ.

ಆದರೆ ಮನೆಗಳನ್ನು ನೋಡಿ. ಅಜ್ಜಿ ಎಂಟು ಹೆತ್ತಳು, ತಾಯಿ ನಾಲ್ಕು, ಸೊಸೆ ಎರಡು. 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಒಬ್ಬ ಹೆಣ್ಣುಮಗಳಿಗೆ ಸರಾಸರಿ 3.4 ಮಕ್ಕಳು, 2019–21ರಲ್ಲಿ 2.0. ಮಹಾರಾಷ್ಟ್ರದಲ್ಲಿ 1.7, ಕರ್ನಾಟಕದಲ್ಲೂ 1.7. ಒಂದು ತಲೆಮಾರು ತನ್ನ ಜಾಗವನ್ನು ತುಂಬಲು ಬೇಕಾದದ್ದು ಸುಮಾರು 2.1. ಗಡಿಯ ಎರಡೂ ಕಡೆ ನಾವು ಅದಕ್ಕಿಂತ ಕೆಳಗೆ ಇಳಿದಾಗಿದೆ. ಎಣಿಕೆ ಇನ್ನೂ ಕೆಲವು ವರ್ಷ ಏರುವುದು ಈಗಾಗಲೇ ಹುಟ್ಟಿರುವ ಹರೆಯದವರಿಂದ, ಮತ್ತು ನಾವು ಮೊದಲಿಗಿಂತ ಹೆಚ್ಚು ದಿನ ಬದುಕುವುದರಿಂದ.

ಇದನ್ನು ಮಾಡಿದವರು ಯಾರು? ಹೆಣ್ಣುಮಕ್ಕಳು. ಶಾಲೆಗೆ ಹೋದರು, ಹೆತ್ತ ಮಕ್ಕಳು ಸಾಯುವುದು ನಿಂತಿತು, ಸಾಕು ಅಂದರು. ಅವರಿಗೆ ದಾರಿ ಮಾಡಿದವರನ್ನೂ ನೆನೆಯಬೇಕು. 1921ರಲ್ಲಿ ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆ ಸಂತತಿ ನಿಯಮನದ ಕೇಂದ್ರ ತೆರೆದರು, ಅದಕ್ಕಾಗಿ ನೌಕರಿ ಕಳೆದುಕೊಂಡರು. 1930ರಲ್ಲಿ ಮೈಸೂರು ಸಂಸ್ಥಾನ ಸರಕಾರಿ ಆಸ್ಪತ್ರೆಯಲ್ಲೇ ಇಂಥ ಕೇಂದ್ರ ತೆರೆಯಿತು. ಸರಕಾರವೇ ತೆರೆದ ಇಂಥ ಕೇಂದ್ರ ಲೋಕದಲ್ಲಿ ಅದೇ ಮೊದಲು. ಕನ್ನಡಿಗರು ಇದನ್ನು ಎದೆ ತಟ್ಟಿ ಹೇಳಿಕೊಳ್ಳಬಹುದು.

ತಲೆ ತಗ್ಗಿಸಿ ಹೇಳಬೇಕಾದದ್ದೂ ಇದೆ. 1976ರಲ್ಲಿ ನಮ್ಮ ಜಿಲ್ಲೆಯ ಬಾರ್ಶಿಯಲ್ಲೇ ಜನರನ್ನು ಹಿಡಿದೊಯ್ದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಇದೆ. ಆ ವರ್ಷ ಮಹಾರಾಷ್ಟ್ರ ವಿಧಾನಮಂಡಲ ಕಡ್ಡಾಯ ಶಸ್ತ್ರಚಿಕಿತ್ಸೆಯ ಮಸೂದೆಯನ್ನು ಮಂಜೂರು ಮಾಡಿತು. ರಾಷ್ಟ್ರಪತಿಗಳ ಅಂಕಿತ ಬೀಳಲಿಲ್ಲ, ಪುಣ್ಯ. ಜನರನ್ನು ಬಾಂಬು ಎಂದು ಕರೆದರೆ ಯಾರೋ ಒಬ್ಬರು ಅದನ್ನು ನಿಷ್ಕ್ರಿಯ ಮಾಡಲು ಹೊರಡುತ್ತಾರೆ, ಅವರ ಕೈಗೆ ಸಿಗುವವರು ಬಡವರು. ಸಣ್ಣ ಸಂಸಾರದ ಆಸೆಗೆ ಇನ್ನೊಂದು ಕತ್ತಲೆಯೂ ಇದೆ: ಮಹಾರಾಷ್ಟ್ರದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 2001ರಲ್ಲಿ 913 ಇದ್ದರು, 2011ರಲ್ಲಿ 894. ಆ ಹುಡುಗಿಯರು ಎಲ್ಲಿ ಹೋದರೆಂದು ನಮಗೆಲ್ಲ ಗೊತ್ತು.

ಹಾಗಾದರೆ ಹೆರಿಗೆ ಇಳಿಯಿತು, ಹಸಿವಿಗೆ ಕಾಯ್ದೆ ಬಂತು. ಮಿತಿಯ ಮಾತು ಮುಗಿಯಿತೇ? ಇಲ್ಲ.

ನಿಮ್ಮಲ್ಲಿ ಅರವತ್ತು ದಾಟಿದವರಿಗೆ ಹಗೇವು ಗೊತ್ತು. ನೆಲದೊಳಗೆ ತೋಡಿದ ಕಾಳಿನ ಗುಂಡಿ. ಒಳಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲಿಟ್ಟು ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಉಳಿಯುತ್ತಿತ್ತು. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಗಾಳಿ ಕೊಲ್ಲುತ್ತದೆ ಎಂದು ಮೊದಲು ದೀಪ ಇಳಿಸಿ ನೋಡುತ್ತಿದ್ದರು. ಹಗೇವು ಬರಿದಾದರೂ ಮುಂದಿನ ಸುಗ್ಗಿಗೆ ತುಂಬುತ್ತಿತ್ತು.

ಈ ಸೀಮೆಯ ಅಡಿಯಲ್ಲಿ ಇನ್ನೊಂದು ಹಗೇವಿದೆ, ನೀರಿನದು. ಜ್ವಾಲಾಮುಖಿಯ ಕರಿಗಲ್ಲಿನ ನೆಲ ನಮ್ಮದು. ಮೇಲಿನ ಶಿಥಿಲ ಪದರ, ಅದರ ಕೆಳಗೆ ಅಲ್ಲಲ್ಲಿ ಬಿರುಕು, ಇಷ್ಟರಲ್ಲೇ ನೀರು ನಿಲ್ಲಬೇಕು. ಗಂಗೆಯ ಬಯಲಿನ ಮರಳಿನಂತೆ ಇದು ಸಾವಿರ ಅಡಿ ಆಳಕ್ಕೆ ನೀರು ಹೀರಿಕೊಂಡ ನೆಲವಲ್ಲ. ಮಳೆಯೋ ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು. ನನ್ನ ಬಾಲ್ಯದಲ್ಲಿ ನಲವತ್ತು ಅಡಿಯ ಬಾವಿಗೆ ಮೊಟ್ಟೆ ಹೂಡುತ್ತಿದ್ದರು. ಎತ್ತು ದಣಿದಾಗ ನೀರು ಎತ್ತುವುದು ನಿಲ್ಲುತ್ತಿತ್ತು, ರಾತ್ರಿ ಬಾವಿ ತಾನೇ ತುಂಬಿಕೊಳ್ಳುತ್ತಿತ್ತು. ಮೋಟಾರಿಗೆ ದಣಿವಿಲ್ಲ. ಎಪ್ಪತ್ತೆರಡರ ಬರದ ನಂತರ ಬೋರಿನ ಗಾಡಿಗಳು ಬಂದವು. ಇನ್ನೂರು ಅಡಿ, ನಾಲ್ಕುನೂರು, ಆರುನೂರು, ಕಡೆಗೆ ಬರೀ ಬಿಳಿ ಧೂಳು. ಈ ಹಗೇವಿಗೆ ಬೀಗವೇ ಇಲ್ಲ. ಇದಕ್ಕೆ ದಾಮಾಜಿ ಬೇಕಿಲ್ಲ, ಎಲ್ಲರೂ ತೆಗೆಯುತ್ತಾರೆ. ಮುಚ್ಚುವವರೇ ಇಲ್ಲ.

ಆ ನೀರನ್ನು ಕುಡಿದದ್ದು ಹೆಚ್ಚಿದ ಬಾಯಿಗಳೇ? ಒಬ್ಬ ಮನುಷ್ಯನಿಗೆ ದಿನಕ್ಕೆ ಐವತ್ತೈದು ಲೀಟರು ಎಂದು ಹಳ್ಳಿಯ ನಲ್ಲಿ ಯೋಜನೆ ಲೆಕ್ಕ ಹಿಡಿಯುತ್ತದೆ. ಒಂದು ಎಕರೆ ಕಬ್ಬಿಗೆ ಬೆಳೆ ಕೈಗೆ ಬರುವಷ್ಟರಲ್ಲಿ ಹೊಲದ ಮೇಲೆ ಆರೇಳು ಅಡಿ ನೀರು ನಿಲ್ಲಿಸಿದಷ್ಟು ಬೇಕು. ಲೀಟರಿಗೆ ತಿರುಗಿಸಿದರೆ ಎಂಬತ್ತು ಲಕ್ಷದ ಸುಮಾರು. ಅಂದರೆ ನಾಲ್ಕುನೂರು ಜನರ ಒಂದು ವಾಡಿಗೆ ವರ್ಷಪೂರ್ತಿ ಸಾಲುವ ನೀರು. ರಾಜ್ಯದ ಸಾಗುವಳಿ ನೆಲದಲ್ಲಿ ಕಬ್ಬು ಇರುವುದು ಸುಮಾರು ಶೇಕಡ 4, ಅದು ನುಂಗುವುದು ನೀರಾವರಿಯ ಮೂರರಲ್ಲಿ ಎರಡು ಪಾಲು. ಮಳೆ ಕಡಿಮೆಯಿರುವ ನಮ್ಮ ಜಿಲ್ಲೆಯಲ್ಲಿ ಮೂವತ್ತಕ್ಕೂ ಹೆಚ್ಚು ಸಕ್ಕರೆ ಕಾರಖಾನೆ. 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟು ಬರಪೀಡಿತ ಹೊಲಗಳಿಗೆಂದು ಕಟ್ಟಿದ್ದು. ಈಗ ಬೇಸಿಗೆ ಬಂತೆಂದರೆ ನಮ್ಮ ಬಾಯಲ್ಲಿ ಒಂದೇ ಮಾತು: ಉಜನಿ ಮೈನಸ್ಸಿಗೆ ಹೋಯಿತು. 117 ಟಿಎಂಸಿ ಹಿಡಿಯುವ ಜಲಾಶಯದಲ್ಲಿ ಅರ್ಧಕ್ಕೂ ಹೆಚ್ಚು ತಳದ ನೀರು, ಮುಟ್ಟಬಾರದ್ದು. 2024ರ ಬೇಸಿಗೆಯಲ್ಲಿ ಆ ತಳದಿಂದಲೂ ಬಳಿದು ಮೈನಸ್ ಶೇಕಡ ಐವತ್ತನ್ನು ದಾಟಿದೆವು. ಗಮನಿಸಿ: ಕಬ್ಬು ಹಬ್ಬಿದ ಇವೇ ದಶಕಗಳಲ್ಲಿ ನಮ್ಮ ಮನೆಗಳಲ್ಲಿ ತೊಟ್ಟಿಲು ಕಡಿಮೆಯಾಗುತ್ತಿತ್ತು.

ಕಬ್ಬು ಹಾಕುವ ರೈತನನ್ನು ಬೈಯಲು ನಾನು ಬಂದಿಲ್ಲ. ಕಬ್ಬಿಗೆ ಕೊಳ್ಳುವ ಕಾರಖಾನೆ ಇದೆ, ಕಾಯ್ದೆಯ ದರ ಇದೆ. ಜೋಳಕ್ಕೆ ಬೆಂಬಲ ಬೆಲೆ ಘೋಷಣೆಯಾಗುತ್ತದೆ, ಕೊಳ್ಳುವ ತಕ್ಕಡಿ ಸಮಯಕ್ಕೆ ಬರುವುದಿಲ್ಲ. ಫೆಬ್ರವರಿಯ ಬಿಸಿಲಲ್ಲಿ ಜೋಳ ಕೀಳುವ ಕೆಲಸಕ್ಕೆ ಆಳು ಸಿಗುವುದಿಲ್ಲ. ಆದರೂ ಎಂಥ ಬೆಳೆ ಅದು! ಭೀಮೆ ಮತ್ತು ಮಾಣ ನದಿಗಳ ಬಯಲಿನ ಎರೆಯಲ್ಲಿ, ಮಳೆಗಾಲ ಮುಗಿಯುವಾಗ ಬಿತ್ತಿದರೆ ಮಣ್ಣೊಳಗೆ ಇಂಗಿದ ತೇವದ ಮೇಲೆಯೇ ತೆನೆ ಕಟ್ಟುತ್ತದೆ. ಮನೆಗೆ ಕಾಳು, ದನಕ್ಕೆ ಕಣಿಕೆ. ಇಲ್ಲಿಗೆ ಹತ್ತಿರದ ಮೋಹೋಳದ ಸಂಶೋಧನ ಕೇಂದ್ರದಲ್ಲಿ ಆರಿಸಿದ ಮಾಲದಂಡಿ ತಳಿ, ಎಂ 35-1, ಇಂದಿಗೂ ದಖ್ಖನ್ನಿನ ಹಿಂಗಾರಿ ಹೊಲಗಳ ರಾಣಿ. 2016ರಲ್ಲಿ ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವವರು ನಾವು, ನೆಲವೂ ಉಣ್ಣಲಿ ಎಂದು; ಚೆಲ್ಲಲು ಜೋಳದ ಹೊಲವೇ ಕಡಿಮೆಯಾಗುತ್ತಿದೆ.

ಇನ್ನು ತಾಲೂಕಿನ ದಕ್ಷಿಣದ ಹಳ್ಳಿಗಳ ಮಾತು. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಊರುಗಳು ಅಲ್ಲಿವೆ. ದೀಪಾವಳಿಗೆ ಹುಲಜಂತಿಯ ಮಹಾಲಿಂಗರಾಯನ ಜಾತ್ರೆಗೆ ಎರಡೂ ರಾಜ್ಯದ ಡೊಳ್ಳು ಕೂಡುತ್ತದೆ. ನೀರು ಮಾತ್ರ ಯಾವ ರಾಜ್ಯದಿಂದಲೂ ಬಂದಿರಲಿಲ್ಲ. 2022ರ ಚಳಿಗಾಲದಲ್ಲಿ ಜತ್ತ, ಅಕ್ಕಲಕೋಟೆ, ಮಂಗಳವೇಢೆಯ ಗಡಿಹಳ್ಳಿಗಳು ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಅಂದವು. ಮುಂಬಯಿಯೂ ಬೆಂಗಳೂರೂ ಅದನ್ನು ಭಾಷೆಯ ಕೂಗೆಂದು ಕೇಳಿಸಿಕೊಂಡವು. ಅದು ಬಾಯಾರಿಕೆಯ ಕೂಗು. ಆ ಗದ್ದಲದ ಫಲವೋ ಹಳೆಯ ಹೋರಾಟದ ಫಲವೋ, 2024ರಲ್ಲಿ ಮಂಗಳವೇಢೆ ಏತ ನೀರಾವರಿಗೆ ಸಂಪುಟದ ಒಪ್ಪಿಗೆ ಸಿಕ್ಕಿತು: 24 ಹಳ್ಳಿ, ಸುಮಾರು 17 ಸಾವಿರ ಹೆಕ್ಟೇರು, ಸುಮಾರು 2 ಟಿಎಂಸಿ ನೀರು.

ಇದನ್ನು ಭಾಗಿಸಿ ನೋಡಿ. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರು. ಎರಡು ಟಿಎಂಸಿಯನ್ನು 17 ಸಾವಿರ ಹೆಕ್ಟೇರಿನ ಮೇಲೆ ಸಮನಾಗಿ ಹರಡಿದರೆ ನಿಲ್ಲುವುದು 33 ಸೆಂಟಿಮೀಟರು, ಹೆಚ್ಚುಕಡಿಮೆ ಒಂದು ಅಡಿ. ಹಾದಿಯಲ್ಲಿ ಇಂಗಿ ಹೋಗುವುದನ್ನು ಕಳೆದರೆ ಇನ್ನೂ ಕಡಿಮೆ. ಒಂದು ಅಡಿ ನೀರಿಗೆ ಒಂದು ಹಿಂಗಾರಿ ಜೋಳ ಬರುತ್ತದೆ, ಕಡಲೆ ಬರುತ್ತದೆ, ಕುಸುಬೆ ಬರುತ್ತದೆ, ಊರ ಬಾವಿಗೆ ಜೀವ ಬರುತ್ತದೆ. ಆರೇಳು ಅಡಿಯ ಕಬ್ಬಿಗೆ ಹಾಕಿದರೆ ಏಳರಲ್ಲಿ ಒಂದು ಹೊಲ ಹಸಿರಾಗಿ, ಆರು ಹೊಲ ಮೊದಲಿನಂತೆ ಟ್ಯಾಂಕರಿನ ದಾರಿ ನೋಡುತ್ತವೆ. ಆ ಆರು ಹೊಲದವರು ಮತ್ತೆ ಕೊಯ್ತಾ ಹಿಡಿದು ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಆಗ ಯಾರಾದರೂ ಬಂದು ಇಲ್ಲಿ ಜನ ಹೆಚ್ಚಾದರು ಅಂದಾರು.

ಆದ್ದರಿಂದ ಆ 24 ಹಳ್ಳಿಗಳ ಹಿರಿಯರಲ್ಲಿ, ಅವರಿಗಿಂತ ಹೆಚ್ಚಾಗಿ ಅಲ್ಲಿಯ ಹೆಣ್ಣುಮಕ್ಕಳಲ್ಲಿ ನನ್ನದೊಂದು ಬೇಡಿಕೆ. ಕಾಲುವೆಗೆ ನೀರು ಬರುವ ಮೊದಲು ಗ್ರಾಮಸಭೆ ಕರೆಯಿರಿ. ಈ ನೀರು ಕಬ್ಬಿಗಿಲ್ಲ ಎಂಬ ಠರಾವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಸಹಿ ಹಾಕಿ. ಜೋಳವನ್ನು ಸರಕಾರ ಕೊಂಡು ಪಡಿತರ ಅಂಗಡಿಯಲ್ಲಿ ಕೊಡಲಿ ಎಂದು ಅದೇ ಕಾಗದದಲ್ಲಿ ಕೇಳಿ. ನೀರು ಬಂದ ಮೇಲೆ, ಹೊಲದಲ್ಲಿ ಕಬ್ಬಿನ ಬೀಜ ಊರಿದ ಮೇಲೆ, ಈ ಮಾತು ಆಡಲು ಯಾರಿಗೂ ಬಾಯಿ ಬರುವುದಿಲ್ಲ. ಬೀಗದ ಕೈ ಈಗ ನಿಮ್ಮ ಸೆರಗಿನಲ್ಲಿದೆ.